ಜಂತ್ರಡಿ

ವಾಮನಣ್ಣ, ನೀನು ಮಲಗಿದ್ದೀಯೋ ಇಲ್ಲವೋ
ಹೇಳುವುದು ಕಷ್ಟ. ರೆಪ್ಪೆ ಮುಚ್ಚಿದೆ,
ದವಡೆ ಮಾತ್ರ ಇನ್ನೂ ಲಾರಿ ಓಡಿಸುತ್ತಿದೆ.
ಕಾರವಾರದ ಈ ವಾರ್ಡಿನಲ್ಲಿ ರಾತ್ರಿ ಪಾಳಿ ನನ್ನದು.
ಕಿಟಕಿಯಾಚೆ ಕಡಲಿದೆ; ಫ್ಯಾನಿನ ಸದ್ದಿಗೆ ಕೇಳಿಸುವುದಿಲ್ಲ.

ತದಡಿಯಿಂದ ರತ್ನಾಗಿರಿ, ರತ್ನಾಗಿರಿಯಿಂದ ತದಡಿ,
ಬಂಗುಡೆ ಹೇರಿಕೊಂಡು ಮೂರು ರಾತ್ರಿ, ನಾಲ್ಕು ಹಗಲು.
ಗುಳಿಗೆ ಕೊಟ್ಟವನ ಹೆಸರು ನೀನು ಹೇಳಲಿಲ್ಲ.
"ಕಣ್ಣಿಗೆ ಕಡ್ಡಿ ಕೊಟ್ಟ ಹಾಗೆ, ತಂಗೀ" ಅಂದೆ ಅಷ್ಟೇ.
ಅಂಕೋಲೆಯ ಹತ್ತಿರ ಲಾರಿ ಬದಿಗೆ ಹಾಕಿ
ರೇಡಿಯೋ ಬಿಚ್ಚಿದೆಯಂತೆ,
ಸ್ಕ್ರೂಗಳನ್ನು ಸಣ್ಣದು ದೊಡ್ಡದು ಅಂತ ಸಾಲಾಗಿಟ್ಟು
ಮತ್ತೆ ಕಲಸಿ ಮತ್ತೆ ಸಾಲಾಗಿಟ್ಟು,
ಪೊಲೀಸರು ಕಿಟಕಿ ಬಡಿದಾಗಲೇ ಬೆಳಗಾದದ್ದು ತಿಳಿಯಿತಂತೆ.
ತೋಳೆಲ್ಲ ಕೆರೆದ ಗಾಯ. ಇರುವೆ, ಅಂದೆ.
ಇರುವೆ ಇರಲಿಲ್ಲ.

ಡಾಕ್ಟರು ಬೆಳಿಗ್ಗೆ ನಿನ್ನ ಮಂಚದ ಬಳಿ ಹುಡುಗರಿಗೆ ಪಾಠ ಮಾಡಿದರು:
ಡೋಪಮಿನ್, ನಾರ್‌ಅಡ್ರಿನಲಿನ್, ಸೆರೊಟೋನಿನ್.
ಯಾರ ಮನೆಯ ಮಕ್ಕಳ ಹೆಸರು ಇವು ಎಂಬಂತೆ ನನ್ನ ಮುಖ ನೋಡಿದೆ.
ಆಗ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ,
ನನಗೆ ತಿಳಿದ ನೀರಿನಲ್ಲಿ.

ನಮ್ಮಪ್ಪ ಬೊಮ್ಮಯ್ಯ ಪಟಗಾರ ಮಾಣಿಕಟ್ಟೆಯ ಗಜನಿಯಲ್ಲಿ
ಜಂತ್ರಡಿ ಕಾಯುತ್ತಿದ್ದ.
ಅಘನಾಶಿನಿ ಉಬ್ಬಿದಾಗ ಹಲಗೆ ಇಳಿಸುವುದು,
ಇಳಿದಾಗ ಒಂದೇ ಒಂದು ಹಲಗೆ ಎತ್ತುವುದು,
ಬೀಡಿ ಮುಗಿಯುವಷ್ಟು ಹೊತ್ತು ನೀರು ಬಿಟ್ಟು ಮತ್ತೆ ಇಳಿಸುವುದು.
ಕೆಲಸ ಅಷ್ಟೇ. ಮೂವತ್ತು ವರ್ಷ, ಅಷ್ಟೇ.

ತಲೆಯೊಳಗೂ ಹಾಗೆಯೇ ಅಂತೆ:
ನರದ ತುದಿಯಲ್ಲಿ ಸಣ್ಣ ಸಣ್ಣ ಚೀಲ, ಚೀಲದೊಳಗೆ ಖುಷಿ.
(ಖುಷಿ ಅನ್ನಬೇಡ, ಡಾಕ್ಟರು ತಿದ್ದುತ್ತಾರೆ,
"ಬೇಕು, ಇನ್ನೂ ಬೇಕು" ಅನ್ನುವ ತುಡಿತ ಅನ್ನು.)
ಒಂದು ಚಿಟಿಕೆ ಹೊರಗೆ ಬೀಳುತ್ತದೆ
ಮಗಳು ಮೊದಲ ಸಲ ಅಪ್ಪಾ ಅಂದಾಗ,
ಹಸಿದವನೆದುರು ಗಂಜಿಯ ಬಟ್ಟಲು ಇಟ್ಟಾಗ.
ಕೆಲಸ ಮುಗಿದದ್ದೇ ಬಾಗಿಲು ಅದನ್ನು ಮರಳಿ ಒಳಗೆಳೆದುಕೊಳ್ಳುತ್ತದೆ,
ಚೆಲ್ಲಿದ ಅಕ್ಕಿ ಹೆಕ್ಕುವ ಅಜ್ಜಿಯ ಹಾಗೆ.

ನಿನ್ನ ಗುಳಿಗೆ ಅದೇ ಬಾಗಿಲಿಗೆ ಬಂತು.
ಮುಖ ಡೋಪಮಿನ್ನಿನ ದಾಯಾದಿಯದು; ಬಾಗಿಲು ಮೋಸಹೋಯಿತು.
ಹೊಕ್ಕದ್ದೇ ಚೀಲಗಳ ಹೊಲಿಗೆ ಬಿಚ್ಚಿತು,
ಉಳಿದದ್ದನ್ನು ಗುಡಿಸುವ ಕಿಣ್ವವನ್ನು ಮೂಲೆಗೆ ಕೂರಿಸಿತು,
ಒಳಗೆಳೆಯುವ ಬಾಗಿಲೇ ಹೊರಗೆ ಸುರಿಯತೊಡಗಿತು.
ನಾರ್‌ಅಡ್ರಿನಲಿನ್ ಎದೆಯ ಮೇಲೆ ಒನಕೆ ಹಾಕಿತು.
ನಿದ್ದೆ ಊರು ಬಿಟ್ಟಿತು.

ನಾನು ಏಳನೇ ಇಯತ್ತೆಯಲ್ಲಿದ್ದಾಗ
ಸಿಗಡಿ ಗುತ್ತಿಗೆಯವರು ಅಮಾವಾಸ್ಯೆ ರಾತ್ರಿ ಅಪ್ಪನಿಗೆ ಕುಡಿಸಿ
ಎಲ್ಲ ಹಲಗೆ ಒಮ್ಮೆಗೇ ಎತ್ತಿದರು.
ಬಲೆ ಹರಿಯುವಷ್ಟು ಸಿಗಡಿ! ಗ್ಯಾಸ್‌ಲೈಟಿನ ಬೆಳಕಿಗೆ
ಸಾವಿರಾರು ಕೆಂಪು ಕಣ್ಣು. ಊರೆಲ್ಲ ಕೊಡ ಹಿಡಿದು ಓಡಿತು.
ನಾನೂ ಓಡಿದೆ. ಸುಳ್ಳು ಹೇಳುವುದಿಲ್ಲ,
ಅಷ್ಟು ಚಂದದ ರಾತ್ರಿ ಮತ್ತೆ ಕಂಡಿಲ್ಲ.
ನಿನ್ನ ಮೊದಲ ರಾತ್ರಿಯೂ ಹಾಗೆಯೇ ಇದ್ದಿರಬೇಕು,
ಕಾಳಿ ಸೇತುವೆಯ ದೀಪಗಳನ್ನೆಲ್ಲ
ನಿನಗೆಂದೇ ಹಚ್ಚಿಟ್ಟ ಹಾಗೆ.

ಬೆಳಗಿಗೆ ಗಜನಿಯಲ್ಲಿ ಕೆಸರು. ಒಂದು ಏಡಿ.
ಉಬ್ಬರ ಬಂತು, ಹಲಗೆಯಿಲ್ಲ, ಕಟ್ಟೆ ಒಡೆಯಿತು.
ಉಪ್ಪು ಕುಡಿದೇ ಬೆಳೆಯುವ ಕಗ್ಗ ಕೂಡ ಆ ವರ್ಷ ಮೊಳೆಯಲಿಲ್ಲ.
ಅಪ್ಪ ಒಡ್ಡಿನ ಮೇಲೆ ಕೂತ.
ಗಂಜಿ ಕೊಟ್ಟರೆ ಉಂಡ, ಕೊಡದಿದ್ದರೆ ಕೇಳಲಿಲ್ಲ.

ನಿನ್ನೆ ನಿನ್ನ ಹೆಂಡತಿ ಮಗಳನ್ನು ಕರಕೊಂಡು ಬಂದಿದ್ದಳು.
ಮಗಳು ಅಪ್ಪಾ ಅಂದಳು.
ನೀನು ಗೋಡೆ ನೋಡಿದೆ.
ಅವಳನ್ನು ಹೊರಗೆ ಕರೆದು ಹೇಳಿದೆ:
ಪ್ರೀತಿ ಹೋಗಿಲ್ಲ ಅಕ್ಕಾ, ಚೀಲ ಬರಿದಾಗಿದೆ.
ನಂಬಿದಳೋ ಗೊತ್ತಿಲ್ಲ.

ಹೋಲಿಕೆ ಪೂರ್ತಿ ಕೂಡುವುದಿಲ್ಲ, ನನಗೂ ಗೊತ್ತು.
ತಲೆಯಲ್ಲಿ ಅಮಾವಾಸ್ಯೆಯಿಲ್ಲ, ಸಿಗಡಿಯ ಹರಾಜಿಲ್ಲ.
ಉಪ್ಪು ತೊಳೆಯಲು ಎಷ್ಟು ಮಳೆ ಬೇಕೋ ಡಾಕ್ಟರೂ ಹೇಳಲಿಲ್ಲ,
ತಿಂಗಳುಗಳು, ಅಂದರು.
ನಮ್ಮಲ್ಲಿ ಮೂರನೇ ವರ್ಷ ಕಗ್ಗ ಬಂತು,
ಅರ್ಧ ಗದ್ದೆಗೆ.

ನಾಲ್ಕೂವರೆ. ನಾಡಿ ನೂರೆಂಟರಿಂದ ತೊಂಬತ್ತಕ್ಕೆ ಇಳಿದಿದೆ,
ಬರೆದುಕೊಂಡೆ.
ನೀನು ಕಣ್ಣು ತೆರೆದು ಕೇಳಿದೆ:
"ಬರ್ಫ ಕರಗಿತೇ?"

ನಿನ್ನ ಬಂಗುಡೆಯನ್ನು ಮೊನ್ನೆಯೇ ಗುಂಡಿ ತೋಡಿ ಹೂತರು.

"ಇನ್ನೂ ಇದೆ" ಅಂದೆ. "ಮಲಗು."